ಬಾಗಿಲು ತೆರೆದಿರಲಿ, ಟಿವಿಯೂ ಕಾಣಲಿ

(ಕಲಿಕಾ ಕೇಂದ್ರದಲ್ಲಿ ಸೇರಿದ್ದ ಮಹಿಳೆಯರ ಮುಂದೆ, ಅದೇ ಕೇಂದ್ರದಲ್ಲಿ ಓದು ಕಲಿತ ಒಬ್ಬ ತಾಯಿ ಆಡಿದ ಮಾತು)



ಎದ್ದು ನಿಂತು ಮಾತಾಡಿ ನನಗೆ ಅಭ್ಯಾಸ ಇಲ್ಲ. ಹೂ ಕಟ್ಟುವುದು ನನ್ನ ಕೆಲಸ. ನಮ್ಮ ಟೀಚರಮ್ಮ, "ಭಾಷಣ ಬೇಡ. ನೀವು ಟಿವಿ ತಂದ ಕತೆ ಹೇಳಿ ಸಾಕು" ಅಂದರು. ಅದಕ್ಕೆ ನಿಂತಿದ್ದೇನೆ. ತಪ್ಪಿದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಮ್ಮ ಮನೆಗೆ ಎರಡು ಸಲ ಟಿವಿ ಬಂತು. ಮೊದಲನೇ ಸಲ ನನಗೆ ಓದು ಬರುತ್ತಿರಲಿಲ್ಲ. ಎರಡನೇ ಸಲ ಓದು ಬರುತ್ತಿತ್ತು. ಈ ಎರಡು ಸಲಕ್ಕೂ ಇರುವ ವ್ಯತ್ಯಾಸವೇ ನನ್ನ ಮಾತು.

ಮೊದಲನೇ ಟಿವಿ

ಅದು 2017ನೇ ಇಸವಿ. ನಮ್ಮ ಯಜಮಾನರು, ಮಗ, ನಾನು ಮೂವರೂ ಪೇಟೆಗೆ ಹೋದೆವು. ಅಂಗಡಿ ಒಳಗೆ ಸಾಲಾಗಿ ಟಿವಿ ಇಟ್ಟಿದ್ದರು. ಹೊರಗಿನ ಬಿಸಿಲು ಒಳಗೆ ಬರುತ್ತಿರಲಿಲ್ಲ. ಅಲ್ಲಿ ಎಲ್ಲಾ ಟಿವಿಯೂ ಥಳಥಳ ಅನ್ನುತ್ತಿತ್ತು. ಒಂದನ್ನು ತೋರಿಸಿ, "ಇದೇ ಚೆನ್ನಾಗಿದೆ" ಅಂದರು. ಮಗ ಹೂಂ ಅಂದ. ನಾನೂ ತಲೆ ಆಡಿಸಿದೆ.

ಬೆಲೆ 16,000 ರೂಪಾಯಿ. ನಮ್ಮ ಹತ್ತಿರ ಅಷ್ಟು ಇರಲಿಲ್ಲ. "ಕಂತಿನಲ್ಲಿ ಕೊಡಿ, ಬಡ್ಡಿಯೇ ಇಲ್ಲ" ಅಂದರು. ಕಾಗದ ನನ್ನ ಹೆಸರಿನಲ್ಲಿ ಆಯಿತು. ಅದರಲ್ಲಿ ಏನು ಬರೆದಿತ್ತೋ ದೇವರಿಗೇ ಗೊತ್ತು. ನಾನು ಹೆಬ್ಬೆಟ್ಟು ಒತ್ತಿದೆ.

ಟಿವಿ ಮನೆಗೆ ಬಂತು. ರಾತ್ರಿ ಎಲ್ಲರೂ ನೋಡಿ ಖುಷಿ ಪಟ್ಟರು. ಬೆಳಗಾಯಿತು. ಗಂಡ ಕೆಲಸಕ್ಕೆ, ಮಕ್ಕಳು ಸ್ಕೂಲಿಗೆ ಹೋದರು. ನಾನೂ ನಮ್ಮ ಅತ್ತೆಯೂ ಹೂ ಕಟ್ಟಲು ಕೂತು ಟಿವಿ ಹಾಕಿದೆವು. ನೋಡಿದರೆ ಏನು ಕಂಡಿತು ಹೇಳಿ? ಟಿವಿ ಒಳಗೆ ನಮ್ಮ ಮನೆ ಬಾಗಿಲು! ಬಾಗಿಲಾಚೆಯ ಬೀದಿ! ಕೂತಿದ್ದ ನಾವಿಬ್ಬರು! ಧಾರಾವಾಹಿ ಮಾತ್ರ ಕಾಣಲಿಲ್ಲ. ಮಾತು ಕೇಳುತ್ತಿತ್ತು, ಮುಖ ಇಲ್ಲ.

ನಮ್ಮದು ಪೂರ್ವದ ಬಾಗಿಲ ಮನೆ. ಬಾಗಿಲ ಪಕ್ಕದಲ್ಲೇ ದೊಡ್ಡ ಕಿಟಕಿ. ಮೇಲೆ ಎರಡು ಗಾಜಿನ ಹೆಂಚು. ಹಗಲು ದೀಪ ಹಾಕುವ ಹಾಗೇ ಇಲ್ಲ, ಅಷ್ಟು ಬೆಳಕು. ಟಿವಿಯನ್ನು ಬಾಗಿಲಿಗೆ ಎದುರು ಗೋಡೆಗೆ ಹಾಕಿಸಿದ್ದರು.

ಏನು ಮಾಡುವುದು? ಬಾಗಿಲು ಹಾಕಿದೆವು. ಕಿಟಕಿ ಮುಚ್ಚಿದೆವು. ಆಗ ಟಿವಿ ಕಂಡಿತು, ಹೂ ಕಾಣಲಿಲ್ಲ! ಕನಕಾಂಬರಕ್ಕೆ ಮರುಗ ಸೇರಿಸಿ ಕಟ್ಟುವಾಗ ಎಡವಟ್ಟಾಯಿತು. ಹೂವಿನ ಸಾಹುಕಾರ, "ಏನಮ್ಮ, ಕಣ್ಣು ಮುಚ್ಚಿಕೊಂಡು ಕಟ್ಟಿದ್ರಾ?" ಅಂದು ಕೂಲಿ ಹಿಡಿದ. ಮನೆಯೊಳಗೆ ಸೆಕೆ. ಅತ್ತೆಗೆ ಉಬ್ಬಸ. ಇನ್ನೂ ಒಂದು ಸಂಗತಿ. ದಾರಿಯಲ್ಲಿ ಹೋಗುವವರು "ಏನಕ್ಕ, ಕಾಫಿ ಆಯ್ತಾ?" ಅಂತ ಬಂದು ಕೂರುತ್ತಿದ್ದರು. ಹಾಕಿದ ಬಾಗಿಲನ್ನು ಯಾರು ತಟ್ಟುತ್ತಾರೆ? ಅವರೂ ಬರುವುದು ಬಿಟ್ಟರು.

ಕಂತಿನ ಲೆಕ್ಕವನ್ನೂ ಕೇಳಿ. ಮೊದಲು ಕೊಟ್ಟದ್ದು 4,000. ಆಮೇಲೆ ತಿಂಗಳಿಗೆ 1,200ರಂತೆ 12 ತಿಂಗಳು, ಅಂದರೆ 14,400. ಕಾಗದದ ಖರ್ಚು ಅಂತ 500. ಎಲ್ಲಾ ಕೂಡಿಸಿ. 18,900 ರೂಪಾಯಿ! ಬಡ್ಡಿ ಇಲ್ಲ ಅಂದವರಿಗೆ 2,900 ರೂಪಾಯಿ ಹೆಚ್ಚು ಕೊಟ್ಟಿದ್ದೆವು. ಈ ಕೂಡುವ ಲೆಕ್ಕ ನಾನು ಹಾಕಿದ್ದು ಇದೇ ಕೇಂದ್ರದಲ್ಲಿ ಕೂತು, ಎಷ್ಟೋ ವರ್ಷ ಆದ ಮೇಲೆ. ಅಂದು ನಾನು ಅತ್ತುಬಿಟ್ಟೆ. ನಿಮ್ಮಲ್ಲಿ ಕೆಲವರು ನೋಡಿದ್ದೀರಿ.

ಹೋದ ವರ್ಷ ಮುಂಗಾರಿನ ಮೊದಲ ಗುಡುಗಿಗೆ ಆ ಟಿವಿ ಸುಟ್ಟು ಹೋಯಿತು. ಸಿಡಿಲು ಬಡಿಯುವಾಗ ಸ್ವಿಚ್ ಆರಿಸಿದರೆ ಸಾಲದು. ಪ್ಲಗ್ ಕೀಳಬೇಕು. ಡಿಶ್ ವೈರನ್ನೂ ಕೀಳಬೇಕು. ಅದೂ ಗುಡುಗು ಹತ್ತಿರ ಬರುವ ಮೊದಲೇ ಕೀಳಬೇಕು. ನಮಗೆ ಗೊತ್ತಿರಲಿಲ್ಲ.

ಹಗಲು ಟಿವಿ ಯಾಕೆ ಕಾಣುವುದಿಲ್ಲ?

ತೊಗಲುಗೊಂಬೆ ಆಟ ನೋಡಿದ್ದೀರಾ? ಬಿಳಿ ಪರದೆ ಕಟ್ಟುತ್ತಾರೆ. ಪರದೆ ಹಿಂದೆ ದೀಪ. ದೀಪದ ಬೆಳಕು ಗೊಂಬೆ ಮೂಲಕ ಬಂದು ರಾಮ, ಸೀತೆ ಬಣ್ಣಬಣ್ಣವಾಗಿ ಕಾಣುತ್ತಾರೆ. ಆ ಆಟ ರಾತ್ರಿಯೇ ಯಾಕೆ? ಹಗಲು ಪರದೆಯ ಮುಂದಿನಿಂದ ಬಿಸಿಲು ಬಿದ್ದರೆ ಗೊಂಬೆ ಮಂಕಾಗುತ್ತದೆ.

ಈಗಿನ ಹೆಚ್ಚಿನ ಟಿವಿಗಳೂ ಹಾಗೆಯೇ. ಪರದೆಯ ಹಿಂದೆ ಸಣ್ಣ ಸಣ್ಣ ಎಲ್‌ಇಡಿ ದೀಪಗಳಿವೆ. ಹಿಂದಿನ ದೀಪ ಜೋರಾಗಿದ್ದರೆ ಹಗಲೂ ಚಿತ್ರ ಕಾಣುತ್ತದೆ. ದೀಪ ಮಂಕಾಗಿದ್ದರೆ ಮನೆಯ ಬೆಳಕೇ ಗೆಲ್ಲುತ್ತದೆ. ಅದರ ಜೊತೆ ಪರದೆ ಕನ್ನಡಿಯಂತೆ ಹೊಳೆಯುತ್ತಿದ್ದರೆ ಬಾಗಿಲು, ಕಿಟಕಿ ಎಲ್ಲಾ ಅದರಲ್ಲೇ ಕಾಣುತ್ತವೆ.

ಆದ್ದರಿಂದ ನಾವು ನೋಡಬೇಕಾದ್ದು ಮೂರು. ಟಿವಿ ಇಡುವ ಜಾಗ. ಟಿವಿಯ ಬೆಳಕು. ಪರದೆಯ ಹೊಳಪು.

ಮೊದಲು ಮನೆ ನೋಡಿ, ಆಮೇಲೆ ಅಂಗಡಿ

ಎರಡನೇ ಸಲ ನಾನು ಮೊದಲು ಅಂಗಡಿಗೆ ಹೋಗಲಿಲ್ಲ. ಮನೆಯಲ್ಲಿದ್ದ ಮುಖ ನೋಡುವ ಕನ್ನಡಿ ತೆಗೆದುಕೊಂಡೆ. ಮಧ್ಯಾಹ್ನ 12 ಗಂಟೆ. ಬಾಗಿಲು, ಕಿಟಕಿ ಎಲ್ಲಾ ತೆರೆದಿತ್ತು. ಟಿವಿ ಇಡಬೇಕೆಂದ ಜಾಗದಲ್ಲಿ ಮಗಳು ಕನ್ನಡಿ ಹಿಡಿದು ನಿಂತಳು. ನಾನು ದಿನಾ ಹೂ ಕಟ್ಟುವ ಜಾಗದಲ್ಲಿ ಕೂತೆ.

ಎದುರು ಗೋಡೆಯಲ್ಲಿ ಹಿಡಿದಾಗ ಕನ್ನಡಿಯಲ್ಲಿ ಬಾಗಿಲು ಫಳ್ ಅಂತ ಕಂಡಿತು. ಟಿವಿ ಅಲ್ಲಿ ಬೇಡ. ಬಾಗಿಲ ಪಕ್ಕದಲ್ಲೇ ಇಟ್ಟರೆ? ಬಾಗಿಲ ಬೆಳಕು ನೇರ ನಮ್ಮ ಕಣ್ಣಿಗೆ ಹೊಡೆಯಿತು. ಅಲ್ಲೂ ಬೇಡ. ಮಗ್ಗುಲ ಗೋಡೆಯಲ್ಲಿ ಎತ್ತರಕ್ಕೆ ಹಿಡಿದಳು. ಬಾಗಿಲು ಕಾಣಲಿಲ್ಲ, ಆದರೆ ಮೇಲಿನ ಗಾಜಿನ ಹೆಂಚು ಕಂಡಿತು. "ಸ್ವಲ್ಪ ಕೆಳಗೆ ಇಳಿಸು, ಮುಂದಕ್ಕೆ ಬಾಗಿಸು" ಅಂದೆ. ಹೆಂಚೂ ಮಾಯವಾಯಿತು. ಅದೇ ಜಾಗಕ್ಕೆ ಸೀಮೆಸುಣ್ಣದಲ್ಲಿ ಗುರುತು ಹಾಕಿದೆವು.

ನೋಡಿ, ಇದಕ್ಕೆ ಒಂದು ಕಾಸೂ ಖರ್ಚಿಲ್ಲ. ಕನ್ನಡಿಯಲ್ಲಿ ಬೆಳಕು ಕಂಡರೆ ಟಿವಿಯಲ್ಲೂ ಕಾಣುತ್ತದೆ. ಕನ್ನಡಿಯಲ್ಲಿ ಬರೀ ಗೋಡೆ ಕಂಡರೆ ಆ ಜಾಗ ಒಳ್ಳೆಯದು.

ಎತ್ತರದ ಮಾತು ಬಂತು. ನಾವು ನೆಲದ ಮೇಲೆ ಚಾಪೆ ಹಾಸಿ ಕೂರುವವರು. ಬಹಳ ಮೇಲೆ ಟಿವಿ ಹಾಕಿದರೆ ಕತ್ತು ನೋವು. ಕೆಲವು ಟಿವಿಯನ್ನು ಕೆಳಗಿನಿಂದ ನೋಡಿದರೆ ಬಣ್ಣವೂ ಮಾಸಿದಂತೆ ಕಾಣುತ್ತದೆ. ನಮ್ಮ ಕಣ್ಣಿಗೆ ಸರಿಸಮ ಇರಲಿ, ಇಲ್ಲವೇ ಸ್ವಲ್ಪ ಮೇಲಿರಲಿ. ನೇರ ಬಿಸಿಲು ಬೀಳುವ ಜಾಗದಲ್ಲಂತೂ ಇಡಲೇಬೇಡಿ. ಬಿಸಿಲಿಗೆ ಟಿವಿ ಕಾದು ಹಾಳಾಗುತ್ತದೆ.

ಎಷ್ಟು ದೊಡ್ಡದು ಬೇಕು?

32 ಇಂಚು, 43 ಇಂಚು ಅನ್ನುತ್ತಾರಲ್ಲ, ಅದು ಅಗಲದ ಅಳತೆ ಅಲ್ಲ. ಪರದೆಯ ಮೇಲಿನ ಮೂಲೆಯಿಂದ ಎದುರಿನ ಕೆಳಗಿನ ಮೂಲೆಗೆ ಓರೆಯಾಗಿ ಅಳೆದ ಅಳತೆ. 32 ಇಂಚಿನ ಪರದೆ ಅಗಲದಲ್ಲಿ ಸುಮಾರು 28 ಇಂಚು ಇರುತ್ತದೆ.

ಈ ಓರೆ ಅಳತೆಯ ಎರಡರಷ್ಟು ದೂರದಲ್ಲಿ ಕೂತರೆ ನೋಡಲು ಹಿತ. 32 ಇಂಚಿಗೆ ಎರಡರಷ್ಟು ಅಂದರೆ 64 ಇಂಚು. ಅಂದರೆ 5 ಅಡಿ 4 ಇಂಚು. 43 ಇಂಚಿಗೆ 7 ಅಡಿ 2 ಇಂಚು. ಸ್ವಲ್ಪ ಹೆಚ್ಚು ಕಡಿಮೆ ಆದರೆ ತೊಂದರೆ ಇಲ್ಲ. ನಾನು ಹೂ ಕಟ್ಟುವ ದಾರ ಹಿಡಿದು ಅಳೆದೆ. ನಮ್ಮ ಜಾಗ ಗೋಡೆಯಿಂದ ಆರು ಅಡಿ ಇತ್ತು. 32 ಇಂಚು ಸಾಕು ಅಂತ ಅಲ್ಲೇ ತೀರ್ಮಾನ ಆಯಿತು. ಅಂಗಡಿಯಲ್ಲಿ ದೊಡ್ಡದು ನೋಡಿ ಆಸೆ ಆಗುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಹಿರಿಯರು ಸುಮ್ಮನೆ ಹೇಳಿಲ್ಲ.

ಅಂಗಡಿಯಲ್ಲಿ ಕೇಳಬೇಕಾದ್ದು

ಈ ಸಲ ಹಗಲು ಹೊತ್ತಲ್ಲೇ ಹೋದೆವು. ಕೈಯಲ್ಲಿ ಚೀಟಿ. ನಾನೇ ಬರೆದದ್ದು. ಅಕ್ಷರ ಸೊಟ್ಟಗಿದ್ದರೂ ನನ್ನದೇ ಅಕ್ಷರ. ಮೂರು ಅಂಗಡಿ ನೋಡಿದೆವು.

ಮೊದಲು ಕೇಳಿದ್ದು ಬೆಳಕು. ಟಿವಿಯ ಬೆಳಕನ್ನು "ನಿಟ್" ಅನ್ನುವ ಅಳತೆಯಲ್ಲಿ ಹೇಳುತ್ತಾರೆ. ಹಾಲಿಗೆ ಲೀಟರ್ ಇದ್ದಂತೆ ಪರದೆಯ ಬೆಳಕಿಗೆ ನಿಟ್. ಕಡಿಮೆ ಬೆಲೆಯ ಎಷ್ಟೋ ಟಿವಿ 200, 250 ನಿಟ್ ಇರುತ್ತವೆ. ಬೆಳಕಿನ ಮನೆಗೆ 300 ನಿಟ್ ಅಥವಾ ಅದಕ್ಕಿಂತ ಹೆಚ್ಚು ಇದ್ದರೆ ಒಳ್ಳೆಯದು. ಎಲ್ಲಾ ಕಂಪನಿಯವರೂ ಇದನ್ನು ಪೆಟ್ಟಿಗೆ ಮೇಲೆ ಬರೆಯುವುದಿಲ್ಲ. ನಾವೇ ಕೇಳಬೇಕು. "ಎಷ್ಟು ನಿಟ್ ಅಣ್ಣ?" ಅಂದೆ. ಆ ಹುಡುಗ ನನ್ನ ಮುಖ ನೋಡಿದ. ಆಮೇಲೆ ಮೊಬೈಲ್ ತೆಗೆದು ಹುಡುಕಿ ಹೇಳಿದ. ಕೇಳಿದರೆ ಹೇಳುತ್ತಾರೆ ಅಕ್ಕ. ಕೇಳದಿದ್ದರೆ ಯಾರು ಹೇಳುತ್ತಾರೆ?

ಎರಡನೆಯದು ಹೊಳಪು. "ಟಿವಿ ಆರಿಸಿ" ಅಂದೆ. "ಅಮ್ಮಾ, ನೋಡೋಕೆ ಬಂದು ಆರಿಸಿ ಅಂತೀರಲ್ಲ!" ಅಂತ ನಕ್ಕ. ಆರಿಸಿದ ಮೇಲೆ ಕಪ್ಪು ಪರದೆಯಲ್ಲಿ ನನ್ನ ಮುಖ ನೋಡಿದೆ. ಒಂದರಲ್ಲಿ ನನ್ನ ಹಣೆಯ ಕುಂಕುಮ ಕೂಡ ಚೆನ್ನಾಗಿ ಕಂಡಿತು. ಅದು ಕನ್ನಡಿ ಹೊಳಪು. ನಮ್ಮ ಮನೆಗೆ ಬೇಡ. ಇನ್ನೊಂದರಲ್ಲಿ ಮಸುಕು ನೆರಳು ಮಾತ್ರ ಕಂಡಿತು. ಅಂಥದ್ದು ಬೆಳಕಿನ ಮನೆಗೆ ಸರಿ.

ಮೂರನೆಯದು, ಅಂಗಡಿಯ ಕಣ್ಕಟ್ಟು. ಅಂಗಡಿಯಲ್ಲಿ ಟಿವಿಯನ್ನು ಬಹಳ ಜೋರು ಬೆಳಕಿಗೆ ಇಟ್ಟಿರುತ್ತಾರೆ. ಅದಕ್ಕೆ ಸ್ಟೋರ್ ಮೋಡ್ ಅನ್ನುತ್ತಾರೆ. ಮನೆಗೆ ತಂದು ಹೋಮ್ ಮೋಡ್‌ಗೆ ಹಾಕಿದಾಗ ಬೆಳಕು ಇಳಿಯುತ್ತದೆ. ಅದಕ್ಕೆ, "ಹೋಮ್ ಮೋಡ್‌ಗೆ ಹಾಕಿ ತೋರಿಸಿ. ಅಂಗಡಿ ಬಾಗಿಲ ಹತ್ತಿರ ಇರುವುದನ್ನು ತೋರಿಸಿ" ಅನ್ನಬೇಕು. ರಾತ್ರಿ ಹೊತ್ತಿನ ದೃಶ್ಯ ಬರುವಾಗ ನೋಡಬೇಕು. ಕತ್ತಲ ದೃಶ್ಯ ಬೆಳಕಲ್ಲಿ ಕಂಡರೆ ಮಿಕ್ಕದ್ದೂ ಕಾಣುತ್ತದೆ. ಎದುರು ನಿಂತು ನೋಡಿದ ಮೇಲೆ ಪಕ್ಕಕ್ಕೆ ಸರಿದು ನೋಡಿ. ಕುಕ್ಕರುಗಾಲಲ್ಲಿ ಕೂತೂ ನೋಡಿ. ನಾಚಿಕೆ ಬೇಡ. ದುಡ್ಡು ನಮ್ಮದು.

ಆ ಹುಡುಗ, "ಇನ್ನೊಂದು ಸ್ವಲ್ಪ ಹಾಕಿ, 4ಕೆ ತಗೊಳ್ಳಿ ಅಕ್ಕ" ಅಂದ. 4ಕೆ ಅಂದರೆ ಚುಕ್ಕಿಗಳ ಲೆಕ್ಕ. ರಂಗೋಲಿಗೆ ಚುಕ್ಕಿ ಇಡುವುದಿಲ್ಲವೇ? ಅದೇ ಅಂಗಳದಲ್ಲಿ ಚುಕ್ಕಿ ಹೆಚ್ಚಾದಷ್ಟೂ ಚಿತ್ತಾರ ನವಿರು. ಎಚ್‌ಡಿ ರೆಡಿ ಟಿವಿಯಲ್ಲಿ ಸುಮಾರು 10 ಲಕ್ಷ ಚುಕ್ಕಿ. ಫುಲ್ ಎಚ್‌ಡಿಯಲ್ಲಿ ಸುಮಾರು 20 ಲಕ್ಷ. 4ಕೆಯಲ್ಲಿ ಸುಮಾರು 83 ಲಕ್ಷ. ಆದರೆ ಚುಕ್ಕಿ ಹೆಚ್ಚಾದರೆ ಬೆಳಕು ಹೆಚ್ಚಾಗುವುದಿಲ್ಲ. 32 ಇಂಚಿನ ಟಿವಿಯನ್ನು ಆರು ಅಡಿಯಿಂದ ನೋಡುವವರಿಗೆ ಅಷ್ಟು ಚುಕ್ಕಿ ಬೇಕಿಲ್ಲ. ಆ ದುಡ್ಡನ್ನು ಬೆಳಕಿಗೆ ಹಾಕುವುದು ಮೇಲು.

ಸ್ಮಾರ್ಟ್ ಟಿವಿಯೂ ಹಾಗೆಯೇ. ಮನೆಯಲ್ಲಿ ಇಂಟರ್‌ನೆಟ್ ಇದ್ದರೆ ಅದು ಉಪಯೋಗ. ಇಲ್ಲದಿದ್ದರೆ ಅದಕ್ಕಾಗಿ ಹೆಚ್ಚು ಕೊಡಬೇಡಿ. ದೂರದರ್ಶನದ ಡಿಡಿ ಫ್ರೀ ಡಿಶ್ ಇದೆ. ತಟ್ಟೆ ಮತ್ತು ಪೆಟ್ಟಿಗೆಗೆ ಒಂದು ಸಲ ಹಣ ಕೊಟ್ಟರೆ ಆಯಿತು. ತಿಂಗಳ ಬಾಡಿಗೆ ಇಲ್ಲ. ನಮ್ಮ ಚಂದನ ವಾಹಿನಿ ಅದರಲ್ಲಿ ಬರುತ್ತದೆ.

ಓದಿ ನೋಡಿ

ಈಗ ಓದುವ ಕೆಲಸ. ಟಿವಿ ಮೇಲೆ ನಕ್ಷತ್ರದ ಚೀಟಿ ಅಂಟಿಸಿರುತ್ತಾರೆ. ನಕ್ಷತ್ರ ಹೆಚ್ಚಿದ್ದಷ್ಟೂ ಕರೆಂಟು ಉಳಿತಾಯ. ವರ್ಷಕ್ಕೆ ಎಷ್ಟು ಯೂನಿಟ್ ಅಂತಲೂ ಅದರಲ್ಲೇ ಇರುತ್ತದೆ. ಟಿವಿ 50 ವ್ಯಾಟಿನದಾದರೆ 20 ಗಂಟೆ ನೋಡಿದಾಗ ಒಂದು ಯೂನಿಟ್ ಆಗುತ್ತದೆ. ದಿನಕ್ಕೆ 4 ಗಂಟೆ ನೋಡಿದರೆ 30 ದಿನಕ್ಕೆ 6 ಯೂನಿಟ್. ಬೆಳಕು ಜೋರು ಮಾಡಿದರೆ ಕರೆಂಟೂ ಸ್ವಲ್ಪ ಹೆಚ್ಚು ಬೇಕು. ಅದಕ್ಕೆ ಹಗಲು ಜೋರು ಇಡಿ, ರಾತ್ರಿ ಇಳಿಸಿ. ರಿಮೋಟಿನ ಸೆಟ್ಟಿಂಗ್‌ನಲ್ಲಿ ಪಿಕ್ಚರ್ ಅಂತ ಇದೆ. ಅಲ್ಲಿ ಬ್ಯಾಕ್‌ಲೈಟ್ ಅಥವಾ ಬ್ರೈಟ್‌ನೆಸ್ ಏರಿಸಬಹುದು, ಇಳಿಸಬಹುದು. ಮಕ್ಕಳನ್ನು ಕಾಯಬೇಡಿ. ನೀವೇ ಒತ್ತಿ ನೋಡಿ.

ಪೆಟ್ಟಿಗೆ ಮೇಲೆ ಎಂಆರ್‌ಪಿ ಇರುತ್ತದೆ. ತೆರಿಗೆಯೂ ಅದರಲ್ಲೇ ಸೇರಿದೆ. "ಜಿಎಸ್‌ಟಿ ಬೇರೆ ಕೊಡಿ" ಅಂತ ಅದಕ್ಕಿಂತ ಹೆಚ್ಚು ಕೇಳುವ ಹಾಗಿಲ್ಲ. 32 ಇಂಚಿನವರೆಗಿನ ಟಿವಿಗೆ 2019ರ ಜನವರಿಯಿಂದ ತೆರಿಗೆ ನೂರಕ್ಕೆ 18. ಅದಕ್ಕಿಂತ ದೊಡ್ಡದಕ್ಕೆ ನೂರಕ್ಕೆ 28 ಇತ್ತು. 2025ರ ಸೆಪ್ಟೆಂಬರ್ 22ರಿಂದ ಅದನ್ನೂ 18ಕ್ಕೆ ಇಳಿಸಿದರು. ನಾನು ಕೊಂಡ ಟಿವಿ ಪೆಟ್ಟಿಗೆ ಮೇಲೆ ಎಂಆರ್‌ಪಿ 19,990 ಅಂತ ಇತ್ತು. ಅಂಗಡಿಯವರು ಹೇಳಿದ್ದು 13,500. ಚೌಕಾಸಿ ಮಾಡಿ 12,800ಕ್ಕೆ ತಂದೆ. ಗೋಡೆಗೆ ಹಾಕುವ ಕೂಲಿಯೂ ಅದರಲ್ಲೇ ಸೇರಿತು. ಎಂಆರ್‌ಪಿ ಅಂದರೆ ಅದಕ್ಕಿಂತ ಹೆಚ್ಚು ತೆಗೆದುಕೊಳ್ಳಬಾರದು ಅಂತ ಅರ್ಥ. ಅಷ್ಟನ್ನೂ ಕೊಡಲೇಬೇಕು ಅಂತ ಅಲ್ಲ.

ದುಡ್ಡು ಎಲ್ಲಿಂದ ಬಂತು ಅಂತೀರಾ? ಈ ಸಲ ಸಾಲ ಮಾಡಲಿಲ್ಲ. ಹೂವಿನ ಕೂಲಿ, ಗೃಹಲಕ್ಷ್ಮಿ ಹಣ ಸೇರಿಸಿ ತಿಂಗಳಿಗೆ 1,000ದಂತೆ 13 ತಿಂಗಳು ಕೂಡಿಟ್ಟೆ. 13,000 ಆಯಿತು. ಉಳಿದ 200 ರೂಪಾಯಿ ಆಟೋಗೆ ಸರಿಹೋಯಿತು. ಯಾರಾದರೂ ಕಂತಿನಲ್ಲಿ ಕೊಳ್ಳಲೇಬೇಕಾದರೆ ಮೊದಲು ಕೊಡುವುದು, ಎಲ್ಲಾ ಕಂತು, ಕಾಗದದ ಖರ್ಚು, ಮೂರನ್ನೂ ಕೂಡಿಸಿ. ಒಟ್ಟು ಎಷ್ಟು ಅಂತ ನೋಡಿ. ಆಮೇಲೆ ಸಹಿ ಹಾಕಿ.

ಬಿಲ್ಲು ಬಿಡಬೇಡಿ. "ಬಿಲ್ಲಿಲ್ಲದೆ ಕಡಿಮೆಗೆ ಕೊಡ್ತೀನಿ" ಅಂದರೆ ಒಪ್ಪಬೇಡಿ. ಬಿಲ್ಲಿನಲ್ಲಿ ನಿಮ್ಮ ಹೆಸರು, ತಾರೀಕು, ಮಾಡಲ್ ನಂಬರ್, ಸೀರಿಯಲ್ ನಂಬರ್ ಇರಬೇಕು. ಆ ನಂಬರು ಟಿವಿ ಹಿಂದೆಯೂ ಇರುತ್ತದೆ. ಎರಡೂ ಒಂದೇನಾ ಅಂತ ಕೂಡಿ ನೋಡಿ. ವಾರಂಟಿ ಕಾರ್ಡಿಗೆ ಅಂಗಡಿ ಸೀಲು, ತಾರೀಕು ಹಾಕಿಸಿ. ರಿಪೇರಿ ಕೇಂದ್ರ ನಮ್ಮ ಹತ್ತಿರದ ಊರಲ್ಲಿ ಇದೆಯೇ ಕೇಳಿ.

ಮೋಸ ಆದರೆ ಸುಮ್ಮನಿರಬೇಡಿ. ಗ್ರಾಹಕರ ಸಹಾಯವಾಣಿ ನಂಬರ್ 1915. ಕರೆ ಮಾಡಿ ಹೇಳಬಹುದು. ಗ್ರಾಹಕರ ರಕ್ಷಣೆಗೆ 2019ರ ಕಾಯ್ದೆ ಇದೆ. ಜಿಲ್ಲೆಯಲ್ಲಿ ಗ್ರಾಹಕರ ಆಯೋಗ ಇದೆ. ಅಲ್ಲಿ ಎರಡು ವರ್ಷದೊಳಗೆ ದೂರು ಕೊಡಬೇಕು. ನಾವು ಕೊಂಡ ವಸ್ತು ಐದು ಲಕ್ಷದೊಳಗಿನದಾದರೆ ದೂರಿಗೆ ಶುಲ್ಕ ಇಲ್ಲ. ಆದರೆ ಕೈಯಲ್ಲಿ ಬಿಲ್ಲು ಬೇಕು.

ನನ್ನ ಚೀಟಿ

ನಾನು ಅಂಗಡಿಗೆ ಒಯ್ದ ಚೀಟಿ ಓದುತ್ತೇನೆ. ಬೇಕಾದವರು ಬರೆದುಕೊಳ್ಳಿ.

1. ಜಾಗ: ಮಗ್ಗುಲ ಗೋಡೆ. ದೂರ: 6 ಅಡಿ.
2. ಅಳತೆ: 32 ಇಂಚು.
3. ಎಷ್ಟು ನಿಟ್?
4. ಆರಿಸಿದಾಗ ಮುಖ ಕಾಣುತ್ತದೆಯೇ?
5. ಹೋಮ್ ಮೋಡ್‌ನಲ್ಲಿ ಹೇಗಿದೆ?
6. ಎಷ್ಟು ನಕ್ಷತ್ರ? ವರ್ಷಕ್ಕೆ ಎಷ್ಟು ಯೂನಿಟ್?
7. ಎಲ್ಲಾ ಸೇರಿ ಒಟ್ಟು ಬೆಲೆ?
8. ಬಿಲ್ಲು, ವಾರಂಟಿ ಕಾರ್ಡು.

ಎಂಟೇ ಸಾಲು. ಈ ಎಂಟು ಸಾಲು ಬರೆಯಲು ಬಂದಿದ್ದರೆ 2017ರಲ್ಲಿ ನಾನು ಆ ಟಿವಿ ತರುತ್ತಿರಲಿಲ್ಲ.

ಬಿಲ್ಲಿಗೆ ಸಹಿ ಹಾಕುವಾಗ ಅಂಗಡಿಯವರು ಅಭ್ಯಾಸದ ಮೇಲೆ ನಮ್ಮ ಯಜಮಾನರ ಮುಂದೆ ಪೆನ್ನು ಹಿಡಿದರು. ಅವರು, "ನನಗಲ್ಲ, ಅವಳಿಗೆ ಕೊಡಿ. ಓದಿ ನೋಡಿ ಅವಳೇ ಹಾಕ್ತಾಳೆ" ಅಂದರು. ನಾನು ಮೊದಲಿಂದ ಕೊನೆವರೆಗೂ ಓದಿದೆ. ನಿಧಾನ ಆಯಿತು. ಹಿಂದೆ ನಿಂತವರು ಗೊಣಗಿದರು. ಗೊಣಗಲಿ ಅಂತ ಪೂರ್ತಿ ಓದಿಯೇ ಸಹಿ ಹಾಕಿದೆ.

ಈಗ ಹಗಲೆಲ್ಲ ನಮ್ಮ ಮನೆ ಬಾಗಿಲು ತೆರೆದೇ ಇರುತ್ತದೆ. ಬಿಸಿಲು ತೀರಾ ಜೋರಾದರೆ ಕಿಟಕಿಗೆ ಹಳೇ ತೆಳು ಸೀರೆ ಇಳಿಬಿಡುತ್ತೇನೆ, ಅಷ್ಟೇ. ಅತ್ತೆ ಗಾಳಿಗೆ ಕೂತು ವಾರ್ತೆ ನೋಡುತ್ತಾರೆ. ಟಿವಿಯಲ್ಲಿ ಅಕ್ಷರ ಬಂದರೆ ನಾನು ಓದಿ ಹೇಳುತ್ತೇನೆ. ಕೈಯಲ್ಲಿ ಹೂ ನಡೆಯುತ್ತಿರುತ್ತದೆ. ಸಾಹುಕಾರ ಮತ್ತೆ ಕೂಲಿ ಹಿಡಿದಿಲ್ಲ. ದಾರಿಯಲ್ಲಿ ಹೋಗುವವರು ಮತ್ತೆ ಬಂದು ಕೂರುತ್ತಾರೆ.

ನೀವೂ ಬನ್ನಿ. ಟಿವಿ ಹೇಗೆ ಕಾಣುತ್ತದೆ ಅಂತ ಹಗಲು ಹೊತ್ತಲ್ಲೇ ಬಂದು ನೋಡಿ. ಕಾಫಿ ನಮ್ಮ ಮನೆಯದು.